ಡಾಕ್ಟರು ಹೇಳಿದ ಮಾತು

ರಾಬರ್ಟ್‌ಸನ್‌ಪೇಟೆಯ ಡಾಕ್ಟರು ಎಕ್ಸ್‌ರೇ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಆಮೇಲೆ ಮುನಿಶಾಮಪ್ಪನ ಬೆನ್ನು ತಟ್ಟಿ, "ಹೊರಗೆ ಕಾಂಪೌಂಡರ್ ಹತ್ತಿರ ಔಷಧಿ ಇಸ್ಕೊಳ್ಳಿ ಯಜಮಾನರೇ, ನಿಮ್ಮ ಸೊಸೆ ಬರ್ತಾರೆ" ಎಂದರು. ಮನೆಯಿಂದ ತಂದಿದ್ದ ಖಾಲಿ ಸೀಸೆಯನ್ನು ಎತ್ತಿಕೊಂಡು ಅವನು ಹೊರಗೆ ಹೋದ ಮೇಲೆ ಸುಬ್ಬಲಕ್ಷ್ಮಮ್ಮನ ಕಡೆ ತಿರುಗಿದರು.

"ನೋಡಮ್ಮ, ಇದು ದೂಳಿನ ಕಾಯಿಲೆ. ಗಣಿಯೊಳಗೆ ಇಷ್ಟು ವರ್ಷ ಕಲ್ಲು ಕೊರೆದಿದ್ದಾರೆ, ಆ ದೂಳು ಎದೆ ಸೇರಿದೆ. ವಾಸಿ ಮಾಡೋ ಔಷಧಿ ನನ್ನ ಹತ್ತಿರ ಇಲ್ಲ, ಯಾರ ಹತ್ತಿರಾನೂ ಇಲ್ಲ. ಆದರೆ ಇನ್ನೂ ಶುರು. ಈಗಲೇ ಕೆಳಗಿಳಿಯೋದು ಬಿಟ್ಟರೆ ಬಹಳ ಕಾಲ ಬದುಕಬಹುದು. ಮೇಲ್ಗಡೆ ಏನಾದರೂ ಕೆಲಸ ಕೇಳಿಕೊಳ್ಳಲಿ, ಸಂಬಳ ಕಮ್ಮಿಯಾದರೂ ಸರಿ. ಇಲ್ಲೇ ಹೇಳಿ ಗಾಬರಿ ಮಾಡಬೇಡಿ. ಮನೆಯಲ್ಲಿ ಕೂರಿಸಿಕೊಂಡು ನಿಧಾನವಾಗಿ ತಿಳಿಸಿ."

ಸುಬ್ಬಲಕ್ಷ್ಮಮ್ಮ ತಲೆಯಾಡಿಸಿದಳು. ಸೆರಗು ಸರಿಮಾಡಿಕೊಂಡು ಹೊರಗೆ ಬಂದಾಗ ಮಾವ ಜಗಲಿಯ ಕಂಬಕ್ಕೆ ಒರಗಿ ನಿಂತಿದ್ದ. ಸೀಸೆಯಲ್ಲಿ ಕೆಂಪು ಔಷಧಿ ತುಂಬಿತ್ತು.

"ಏನಂದ್ರಮ್ಮ ಡಾಕ್ಟ್ರು? ದೂಳಾ?"

ನೇರವಾಗಿಯೇ ಕೇಳಿದ. ಉರಿಗಾಂ ಲೈನಿನಲ್ಲಿ, ಚಿನ್ನದ ಗಣಿ ಕೆಲಸಗಾರರ ಆ ಸಾಲುಮನೆಗಳಲ್ಲಿ, ವಾಸ ಮಾಡುವವರು ಯಾರೂ ಆ ಪದದ ಅರ್ಥ ಕೇಳಬೇಕಾಗಿರಲಿಲ್ಲ.

"ಅಲ್ಲ ಮಾವ. ಶೀತ ಎದೇಲಿ ಕುಂತೈತಂತೆ. ಔಷಧಿ ಕುಡುದ್ರೆ ಓಗ್ತದಂತೆ."

ಯೋಚನೆ ಮಾಡಿ ಆಡಿದ ಮಾತಲ್ಲ. ನಾಲಿಗೆ ತಾನಾಗಿ ಹೊರಳಿತು. ಹೊರಳಿದ ಮೇಲೆ ಹಿಂದಕ್ಕೆ ಎಳೆದುಕೊಳ್ಳೋಣವೆಂದು ಅವಳು ಬಾಯಿ ತೆರೆಯುವಷ್ಟರಲ್ಲಿ ಮುನಿಶಾಮಪ್ಪನ ಮುಖ ಅರಳಿಹೋಗಿತ್ತು. "ಅಯ್ಯೋ ದೇವ್ರೇ, ಎಷ್ಟು ಎದ್ರುಕೊಂಡಿದ್ದೆ ಅಂತೀಯ!" ಎಂದು ನಕ್ಕ. ದಾರಿಯಲ್ಲಿ ಅಂಗಡಿಯ ಮುಂದೆ ನಿಂತು ಬಿಸಿ ಬೋಂಡ ಕಟ್ಟಿಸಿಕೊಂಡ. ಎದುರಿಗೆ ಸಿಕ್ಕ ಗುರುತಿನವರಿಗೆಲ್ಲ, ಕೇಳಿದವರಿಗೂ ಕೇಳದವರಿಗೂ, "ಏನೂ ಇಲ್ವಂತೆ, ಶೀತವಂತೆ" ಎಂದು ಹೇಳಿಕೊಂಡು ನಡೆದ.

ಮನೆಗೆ ಹೋಗಿ ಹೇಳೋಣ ಎಂದುಕೊಂಡಳು ಸುಬ್ಬಲಕ್ಷ್ಮಮ್ಮ. ಮನೆಯ ಬಾಗಿಲಲ್ಲೇ ಅತ್ತೆ ದೊಡ್ಡಮುನಿಯಮ್ಮ ಕಾದು ನಿಂತಿದ್ದಳು. ಅವಳ ಒಡಹುಟ್ಟಿದ ಅಣ್ಣ ಇದೇ ದೂಳಿನ ಕಾಯಿಲೆಯಲ್ಲಿ, ಮಲಗಲಾರದೆ ಕೂರಲಾರದೆ, ಅವಳ ತೊಡೆಯ ಮೇಲೆಯೇ ಪ್ರಾಣ ಬಿಟ್ಟಿದ್ದ. ಶೀತವೆಂದು ಕೇಳಿದ್ದೇ ಆ ಹೆಂಗಸು ಹೊಸಿಲ ಮೇಲೆ ಕುಸಿದು ಕೂತು ಅತ್ತುಬಿಟ್ಟಳು. ಆ ಹೊತ್ತಿನಲ್ಲಿ ಹೇಗೆ ಹೇಳುವುದು? ನಾಳೆ ಹೇಳಿದರಾಯಿತು. ಮುನಿಶಾಮಪ್ಪ ಬೋಂಡ ತಿಂದು, ಔಷಧಿ ಕುಡಿದು ಮಲಗಿ, ಮಾರನೆಯ ದಿನ ಬೆಳಗಿನ ಪಾಳಿಗೆ ಎದ್ದು ಹೋದ.

ನಾಳೆ ಎನ್ನುವುದು ಹೀಗೆ ಮುಂದಕ್ಕೆ ಹೋಗುತ್ತಲೇ ಇತ್ತು. ಅದಕ್ಕೆ ಕಾರಣ ಅತ್ತೆಯ ಕಣ್ಣೀರು ಮಾತ್ರ ಅಲ್ಲವೆಂದು ಸುಬ್ಬಲಕ್ಷ್ಮಮ್ಮನಿಗೆ ಗೊತ್ತಿತ್ತು.

ಅವಳ ಗಂಡ ಚಲಪತಿ ಇಂಗ್ಲೆಂಡಿನಲ್ಲಿ ಗಣಿ ಇಂಜಿನಿಯರಿಂಗ್ ಓದುತ್ತಿದ್ದ. ಮೊದಲು ಅವನು ಗಣಿಯ ಸರ್ವೆ ಆಫೀಸಿನಲ್ಲಿ ನಕ್ಷೆ ಬರೆಯುವ ಕೆಲಸದಲ್ಲಿದ್ದ. ಗಣಿ ಬಿಳಿಯರ ಕಂಪನಿಯ ಕೈಯಿಂದ ಸರ್ಕಾರದ ಕೈಗೆ ಬಂದ ಕಾಲಕ್ಕೆ ಊರು ಬಿಟ್ಟು ಹೊರಟ ಒಬ್ಬ ಬಿಳಿಯ ಅಧಿಕಾರಿ, ಹುಡುಗನ ಕೈ ಚೆನ್ನಾಗಿದೆ, ತಲೆಯೂ ಚೆನ್ನಾಗಿದೆ ಎಂದು ತನ್ನ ದೇಶದ ಕಾಲೇಜೊಂದಕ್ಕೆ ಬರೆದು, ಫೀಸಿಲ್ಲದ ಸೀಟು ಕೊಡಿಸಿದ್ದ. ಫೀಸು ಇಲ್ಲವೆಂದರೆ ಖರ್ಚು ಇಲ್ಲವೆಂದು ಎಲ್ಲರೂ ತಿಳಿದರು. ಅಲ್ಲಿ ಹೋದ ಮೇಲಲ್ಲವೆ ಗೊತ್ತಾದದ್ದು, ಆ ದೇಶದಲ್ಲಿ ರೂಮನ್ನು ಬೆಚ್ಚಗಿಡುವುದಕ್ಕೂ ದುಡ್ಡು ಬೇಕೆಂದು! ಮೊದಲು ಸುಬ್ಬಲಕ್ಷ್ಮಮ್ಮನ ಒಡವೆ ಹೋಯಿತು. ಆಮೇಲೆ ಹಸು ಹೋಯಿತು. ಆಮೇಲೆ ಉಳಿದದ್ದು ಮುನಿಶಾಮಪ್ಪನ ಸಂಬಳ. ಅದೂ ಕೆಳಗಿನ ಸಂಬಳ, ನೆಲದಾಳಕ್ಕೆ ಇಳಿದು ಕಲ್ಲು ಕೊರೆಯುವವರಿಗೆ ಮಾತ್ರ ಸಿಗುವಂಥದ್ದು. ಮೇಲಿನ ಸಂಬಳ ಲೈನಿನ ಮನೆಯ ಮೂವರ ಹೊಟ್ಟೆಗೆ ಸಾಕಾಗುತ್ತಿತ್ತು, ಇಂಗ್ಲೆಂಡಿಗೆ ಸಾಲುತ್ತಿರಲಿಲ್ಲ.

ಹೊರಡುವ ಮುಂಚೆ ಚಲಪತಿಯೇ ಹಿಂದುಮುಂದು ನೋಡಿದ್ದ. ಅವನನ್ನು ತಳ್ಳಿದವಳು ಅವಳು. ಅವಳ ಅಪ್ಪ ಜಯರಾಮಪ್ಪ ಬಂಗಾರಪೇಟೆ ಸ್ಟೇಷನ್ನಿನಲ್ಲಿ ರೈಲಿಗೆ ಕೈದೀಪ ತೋರಿಸುವ ಕೆಲಸದವನು. ಓದುತ್ತೇನೆ ಓದುತ್ತೇನೆ ಎಂದು ಅಂಗಲಾಚಿದ ಮಗಳನ್ನು ಎಂಟನೇ ಕ್ಲಾಸಿಗೆ ಬಿಡಿಸಿ ಮದುವೆ ಮಾಡಿದ್ದ. ಆ ಆಸೆಯೆಲ್ಲ ಗಂಡನ ಮೇಲೆ ಬಂದು ಕೂತಿತ್ತು. ಬರೀ ಓದಿನ ಆಸೆ ಎಂದರೂ ಸುಳ್ಳಾಗುತ್ತದೆ. ನಲ್ಲಿಯ ಹತ್ತಿರ ಹೆಂಗಸರು ಕುಶಾಲಿಗೆ "ಇಂಜಿನೇರಮ್ಮ ಬಂದ್ಲು, ದಾರಿ ಬಿಡ್ರೇ" ಎಂದರೆ ಅವಳು ಮೇಲೆ ಸಿಡುಕಿ ಒಳಗೆ ಹಿಗ್ಗುತ್ತಿದ್ದಳು. ಅರ್ಧಕ್ಕೆ ಬಿಟ್ಟು ಬಂದ ಗಂಡನೊಡನೆ ಅದೇ ನಲ್ಲಿಯ ಮುಂದೆ ಕೊಡ ಹಿಡಿದು ನಿಲ್ಲುವುದನ್ನು ಅವಳು ಕನಸಿನಲ್ಲೂ ನೆನೆಯಲಾರಳು. ಓದು ಮುಗಿಯಲಿ, ಆಮೇಲೆ ಮಾವನನ್ನು ಕೂರಿಸಿ ರಾಜನ ಹಾಗೆ ನೋಡಿಕೊಳ್ಳೋಣ ಎಂದು ತನಗೆ ತಾನೇ ಹೇಳಿಕೊಂಡಳು. ಅಪ್ಪನ ಕೆಮ್ಮು ಹೇಗಿದೆ, ದೂಳಿರಬಹುದೇ ಎಂದು ಚಲಪತಿ ಕಾಗದದಲ್ಲಿ ಕೇಳಿದಾಗ, ಡಾಕ್ಟರಿಗೆ ತೋರಿಸಿದ್ದಾಯಿತು, ದೂಳಲ್ಲವಂತೆ, ನಿಶ್ಚಿಂತೆಯಾಗಿ ಓದಿಕೊಳ್ಳಿ ಎಂದು ಬರೆದಳು. ಬಾಯಲ್ಲಿ ಆಡಿದ ಸುಳ್ಳು ಒಂದು ತೂಕವಾದರೆ ಮಸಿಯಲ್ಲಿ ಬರೆದದ್ದು ಇನ್ನೊಂದು ತೂಕ. ಅಂಚೆ ಡಬ್ಬಿಗೆ ಹಾಕಿ ಬಂದ ದಿನ ಅವಳಿಗೆ ಅನ್ನ ಸೇರಲಿಲ್ಲ.

ಅಂದಿನಿಂದ ಮಾವನ ಸೇವೆ ಎರಡರಷ್ಟಾಯಿತು. ಬೆಲ್ಲ ತಿಂದರೆ ದೂಳು ಕರಗುತ್ತದೆಂದು ಲೈನಿನವರು ಹೇಳುವುದನ್ನು ಕೇಳಿ, ಕಾರಣ ಹೇಳದೆ ದಿನವೂ ಬುತ್ತಿಯಲ್ಲಿ ಬೆಲ್ಲದ ಉಂಡೆ ಇಟ್ಟಳು. ಭಾನುವಾರ ಮೇಕೆ ಕಾಲಿನ ಸಾರು ಮಾಡಿ, ತನಗೆ ಒಂದು ತೊಟ್ಟೂ ಇಟ್ಟುಕೊಳ್ಳದೆ ಅವನ ತಟ್ಟೆಗೆ ಸುರಿದಳು. ಸೋಪು ಹಾಕಿ ಅವನ ಬಟ್ಟೆ ಉಜ್ಜುವಾಗ ನೀರಿನಲ್ಲಿ ಇಳಿಯುವ ಬೂದುಬಣ್ಣವನ್ನು ನೋಡಲಾರದೆ ಮುಖ ಆಚೆ ಮಾಡುತ್ತಿದ್ದಳು.

ದೊಡ್ಡಮುನಿಯಮ್ಮ ಬೀದಿಗೆಲ್ಲ ಸಾರಿದಳು: "ಮಗಳಾಗಿದ್ರೂ ಇಂಗೆ ನೋಡ್ಕೊಂತಿರ್ಲಿಲ್ಲ ಕಣ್ರೇ. ನನ್ನ ಪುಣ್ಯ." ಅತ್ತೆ ಹಾಗೆ ಹೊಗಳುವಾಗಲೆಲ್ಲ ಸುಬ್ಬಲಕ್ಷ್ಮಮ್ಮ ಒಲೆಯ ಮುಂದೆ ಎದ್ದು ಹೋಗಿ ಸುಮ್ಮನೆ ಸೌದೆ ಸರಿಸುತ್ತಿದ್ದಳು. ಹೊಡೆದಿದ್ದರೆ ತಡೆದುಕೊಳ್ಳಬಹುದಿತ್ತು.

ಮಳೆಗಾಲ ಕಳೆದ ಮೇಲೆ ಒಂದು ಸಂಜೆ ಮುನಿಶಾಮಪ್ಪ ಪಾಳಿ ಮುಗಿಸಿ ಬಂದವನು, ಕೈಕಾಲು ತೊಳೆದು, ಸೊಸೆಯನ್ನು ಕರೆದು ಎದುರಿಗೆ ಕೂರಿಸಿಕೊಂಡ. ಪಕ್ಕದ ಮನೆಯ ಪೆರುಮಾಳ್ ಗಣಿಯ ಲ್ಯಾಂಪ್ ರೂಮಿನಲ್ಲಿ, ಇಳಿಯುವವರಿಗೆ ದೀಪ ಕೊಡುವ ಕೆಲಸದಲ್ಲಿದ್ದ. ಅವನಿಗೆ ನಿವೃತ್ತಿಯ ವಯಸ್ಸಾಗಿತ್ತು.

"ಪೆರುಮಾಳ್ ಜಾಗಕ್ಕೆ ನೀನು ಬತ್ತೀಯಾ ಅಂತ ಮೇಸ್ತ್ರಿ ಕೇಳ್ದ ಕಣಮ್ಮ. ನೆಳ್ಳಾಗೆ ಕುಂತು ಮಾಡೋ ಕೆಲ್ಸ. ಸಂಬ್ಳ ಮಾತ್ರ ಮೇಲಿಂದು. ಏನ್ ಮಾಡಾನ?"

ದೇವರೇ ಬಾಗಿಲು ತೆರೆದು ಕರೆಯುತ್ತಿದ್ದಾನೆ, ಈಗ ಹೇಳಿಬಿಡು ಎಂದು ಸುಬ್ಬಲಕ್ಷ್ಮಮ್ಮನ ಒಳಗೆ ಯಾರೋ ಕೂಗಿದ ಹಾಗಾಯಿತು.

"ನಿಮ್ಗೆ ಎಂಗನ್ನಿಸ್ತದೆ ಮಾವ?"

"ಕೈಕಾಲು ಸೋತೈತೆ, ನಿಜ. ಆದ್ರೆ ಡಾಕ್ಟ್ರೇ ಏನೂ ಇಲ್ಲ ಅಂದವ್ರೆ. ಕಾಯ್ಲೆ ಇದ್ದಿದ್ರೆ ಬ್ಯಾರೆ ಮಾತು. ಸುಮ್ಸುಮ್ಕೆ ಮ್ಯಾಲೆ ಬಂದು ಕುಂತ್ರೆ ಅಲ್ಲಿ ಚಲಪತಿ ಗತಿ ಏನು? ಅವನ ಓದು ಮುಗಿಯೋಗಂಟ ಕೆಳಗೇ ಇರಾನ ಅಂತ. ನೀನು ಓದ್ದೋಳು, ನೀನೇಳು."

ಅವನು ಅವಳ ಮುಖವನ್ನೇ ನೋಡುತ್ತಿದ್ದ. ಪೂರ್ತಿ ನಂಬಿದ ಕಣ್ಣು.

"ನಿಮ್ಗೆ ಎಂಗೆ ಸರಿ ಅನ್ನಿಸ್ತದೋ ಅಂಗೆ ಮಾಡಿ ಮಾವ" ಎಂದಳು.

ಲ್ಯಾಂಪ್ ರೂಮಿನ ಕೆಲಸ ಮುಂದಿನ ವಾರ ಕುಪ್ಪುಸ್ವಾಮಿ ಎಂಬುವನಿಗೆ ಹೋಯಿತು. ಮೊದಲ ಸುಳ್ಳನ್ನು ನಾಲಿಗೆಯ ತಲೆಗೆ ಕಟ್ಟಬಹುದಿತ್ತು. ಇದನ್ನು ಯಾರ ತಲೆಗೆ ಕಟ್ಟುವುದು? ಯೋಚಿಸಿ, ಅಳೆದು, ಎದುರಿಗೆ ಕೂತು ಮಾಡಿದ್ದು. ಆಮೇಲೆ ಕುಪ್ಪುಸ್ವಾಮಿ ಬೀದಿಯಲ್ಲಿ ಎದುರಾದರೆ ಸುಬ್ಬಲಕ್ಷ್ಮಮ್ಮ ದಾರಿ ಬದಲಿಸುತ್ತಿದ್ದಳು, ಸಾಲ ಕೊಟ್ಟವನನ್ನು ಕಂಡವರ ಹಾಗೆ.

ಮುಂದಿನ ಬೇಸಿಗೆಯಲ್ಲಿ ಅವಳ ತಂಗಿಯ ಮಗುವಿಗೆ ನಾಮಕರಣವಿತ್ತು. ಮಾವ ಸೊಸೆ ಇಬ್ಬರೂ ಬಂಗಾರಪೇಟೆಗೆ ಹೋಗಿ, ಊಟ ಮುಗಿಸಿಕೊಂಡು, ಊರಿಗೆ ಮರಳುವ ಮಾರಿಕುಪ್ಪಂ ಗಾಡಿ ಹಿಡಿಯಲು ಸ್ಟೇಷನ್ನಿಗೆ ಬಂದರು. ಮೇಲುಸೇತುವೆಯ ಮೆಟ್ಟಿಲು ಹತ್ತುತ್ತ ಮುನಿಶಾಮಪ್ಪ ಅರ್ಧದಲ್ಲೇ ನಿಂತ. ಕಂಬಿ ಹಿಡಿದುಕೊಂಡ. ಬಾಯಿ ತೆರೆದರೂ ಉಸಿರು ಒಳಗೆ ಹೋಗಲಿಲ್ಲ. ತುಟಿ ನೀಲಿಯಾಯಿತು. ಜನ ಅವನನ್ನು ತಳ್ಳಿಕೊಂಡು ಮೇಲೆ ಹೋಗುತ್ತಿದ್ದರು. ಮೂಟೆ ಹೊತ್ತ ಹೆಂಗಸೊಬ್ಬಳು "ಪಕ್ಕಕ್ಕೆ ನಿಲ್ಲಯ್ಯ" ಎಂದು ಗದರಿದಳು. ಕೆಮ್ಮು ಬಿಚ್ಚಿಕೊಂಡು ಉಸಿರು ಬಂದ ಮೇಲೆ ಅವನು ಕಣ್ಣೊರೆಸಿಕೊಂಡು ನಕ್ಕ.

"ವಯಸ್ಸಾಯ್ತು ಕಣಮ್ಮ. ಶೀತ ಇನ್ನೂ ಓಗಿಲ್ಲ ನೋಡು."

ಸುಬ್ಬಲಕ್ಷ್ಮಮ್ಮ ಅವನ ತೋಳು ಹಿಡಿದು ಕೆಳಗಿಳಿಸಿ, ಪ್ಲಾಟ್‌ಫಾರಂ ಬೆಂಚಿನ ಮೇಲೆ ಕೂರಿಸಿದಳು. ತಾನು ಕೂರಲಿಲ್ಲ. ನಿಂತೇ ಹೇಳಿದಳು.

"ಶೀತ ಅಲ್ಲ ಮಾವ. ದೂಳು. ಡಾಕ್ಟ್ರು ಅವತ್ತೇ ಏಳಿದ್ರು. ಕೆಳಗೆ ಇಳೀಬಾರ್ದು ಅಂದ್ರು. ನಾನು ನಿಮ್ಗೆ ಏಳ್ಲಿಲ್ಲ."

ಮುನಿಶಾಮಪ್ಪನಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಹಳಿಯ ಕಡೆ ನೋಡುತ್ತ ಕೂತ. ಮಾರಿಕುಪ್ಪಂ ಗಾಡಿ ಸೇತುವೆಯಾಚೆ ಬಂದು ನಿಂತು, ಜನರನ್ನು ತುಂಬಿಕೊಂಡು ಹೊರಟುಹೋಯಿತು. ಇಬ್ಬರೂ ಏಳಲಿಲ್ಲ.

"ಲ್ಯಾಂಪ್ ರೂಮ್ ಕೆಲ್ಸ ಬಂತಲ್ಲ" ಎಂದ ಕೊನೆಗೆ. "ಆವಾಗ ನಿಂಗೆ ಗೊತ್ತಿತ್ತಾ?"

"ಗೊತ್ತಿತ್ತು."

"ನಾನು ಕೇಳ್ದೆ ನಿನ್ನ."

"ಊಂ ಮಾವ."

ಅವನು ಮುಖ ಆಚೆಗೆ ತಿರುಗಿಸಿದ. ಅವಳು ಒಂದು ಮಾತಿಗಾಗಿ ಕಾದಳು. ಅದನ್ನು ಎಷ್ಟೋ ಸಲ ಮನಸ್ಸಿನಲ್ಲಿ ಅವನ ಬಾಯಿಂದ ಆಡಿಸಿದ್ದಳು: ಆಗ್ಲಿ ಬಿಡಮ್ಮ, ನನ್ನ ಜೀವ ಏನ್ ಮಹಾ, ಮಗ ಓದ್ಲಿ. ಅವನು ಹಾಗನ್ನುತ್ತಾನೆಂಬ ಧೈರ್ಯದ ಮೇಲೆಯೇ ಇಷ್ಟು ದಿನ ಸುಮ್ಮನಿದ್ದಳು ಎಂದರೂ ತಪ್ಪಲ್ಲ.

ಮುನಿಶಾಮಪ್ಪ ಅಂದದ್ದು ಬೇರೆ. "ನಂಗೂ ಬದುಕ್ಬೇಕು ಅಂತ ಆಸೆ ಐತಮ್ಮ" ಎಂದ. "ಮುದುಕ ಅಂತ ಆಸೆ ಇರಲ್ವಾ? ಮಗನ್ನ ನೋಡ್ಬೇಕು, ಮೊಮ್ಮಕ್ಕಳ್ನ ಎತ್ಕೊಬೇಕು. ಬಿಸಿಲಾಗೆ ಸುಮ್ಕೆ ಕುಂತ್ಕೊಬೇಕು. ನಾಳೆಯಿಂದ ನಾನು ಇಳಿಯಲ್ಲ."

"ಇಳೀಬ್ಯಾಡಿ ಮಾವ."

"ನಿಮ್ಮತ್ತೆಗೆ ಮಾತ್ರ ಕಾಯ್ಲೆ ಎಸ್ರು ಏಳ್ಬ್ಯಾಡ. ಅವಳಣ್ಣನ್ನ ಕಂಡವ್ಳು, ಎದೆ ಒಡ್ಕೊಂಡು ಸಾಯ್ತಾಳೆ. ಚಲಪತಿಗೂ ಅಪ್ಪಂಗೆ ಕೈಲಾಗ್ತಿಲ್ಲ ಅಂತ ಬರಿ, ಸಾಕು."

ಅವನು ಹಾಗೆ ಹೇಳಿದ್ದು ಹೆಂಡತಿಯನ್ನು ಉಳಿಸಲೋ ಸೊಸೆಯ ಮಾನ ಉಳಿಸಲೋ ಸುಬ್ಬಲಕ್ಷ್ಮಮ್ಮನಿಗೆ ಎಂದೂ ತಿಳಿಯಲಿಲ್ಲ. ಕೇಳುವ ಮುಖವೂ ಅವಳಿಗಿರಲಿಲ್ಲ.

ಮುನಿಶಾಮಪ್ಪ ಹೇಳಿದಂತೆಯೇ ಮಾಡಿದ. ಮೇಸ್ತ್ರಿಯ ಮುಂದೆ ನಿಂತು, ಶಕ್ತಿ ಉಡುಗಿಹೋಯಿತು ಎಂದು ಹೇಳಿ ಮೇಲಿನ ಕೆಲಸ ಕೇಳಿಕೊಂಡ. ಲ್ಯಾಂಪ್ ರೂಮಿನಂಥ ನೆರಳಿನ ಕೆಲಸ ಆಗ ಖಾಲಿ ಇರಲಿಲ್ಲ. ಮರಮುಟ್ಟು ಇಡುವ ಅಂಗಳವನ್ನು ಕಾಯುವ ಕೆಲಸ ಸಿಕ್ಕಿತು. ಸುಬ್ಬಲಕ್ಷ್ಮಮ್ಮ ಗಂಡನಿಗೆ ಬರೆದಳು. ಇಂಗ್ಲೆಂಡಿಗೆ ಹೋಗುವ ದುಡ್ಡು ಕಾಲುಭಾಗಕ್ಕೆ ಇಳಿಯಿತು. ಅವಳು ಮನೆಯಲ್ಲಿ ಹಪ್ಪಳ ಒತ್ತಿ ರಾಬರ್ಟ್‌ಸನ್‌ಪೇಟೆಯ ಅಂಗಡಿಗಳಿಗೆ ಹಾಕಿದಳು. ಅದು ಎಲ್ಲಿಗೂ ಮುಟ್ಟಲಿಲ್ಲ. ಚಲಪತಿ ಅಲ್ಲಿ ಸಂಜೆ ಹೊತ್ತು ಹೋಟೆಲೊಂದರಲ್ಲಿ ತಟ್ಟೆ ತೊಳೆಯಲು ಸೇರಿ, ನಿದ್ದೆಗೆಟ್ಟು, ಎರಡು ವಿಷಯಗಳಲ್ಲಿ ಫೇಲಾದ. ಫೇಲಾದವರಿಗೆ ಫೀಸಿನ ರಿಯಾಯಿತಿ ಇಲ್ಲವೆಂದರು. ಕೊನೆಯ ವರ್ಷ ಬಾಕಿ ಇರುವಂತೆಯೇ ಅವನು ಹಡಗು ಹತ್ತಿದ.

ಬಂಗಾರಪೇಟೆ ಸ್ಟೇಷನ್ನಿನಲ್ಲಿ ಅವನನ್ನು ಎದುರುಗೊಳ್ಳಲು ಮೂವರೂ ಹೋಗಿದ್ದರು. ಉಣ್ಣೆಯ ಕೋಟು ತೋಳಿನ ಮೇಲೆ ಹಾಕಿಕೊಂಡು ಇಳಿದ ಚಲಪತಿ ಬಡಕಲಾಗಿದ್ದ, ಮಾತು ಕಡಿಮೆಯಾಗಿತ್ತು. ಅಪ್ಪನ ಕಾಲು ಮುಟ್ಟಿದ, ಮುಖ ನೋಡಲಿಲ್ಲ. ಸರ್ವೆ ಆಫೀಸಿನಲ್ಲಿ ಹಳೆಯ ಮೇಜೇ ಸಿಕ್ಕಿತು. ಜೊತೆಯಲ್ಲಿ ಕೆಲಸ ಮಾಡುತ್ತಿದ್ದವರು, "ಏನಪ್ಪ ಫಾರಿನ್ ಇಂಜಿನಿಯರ್" ಎಂದು ಕಾಫಿಯ ಹೊತ್ತಿನಲ್ಲಿ ಕೆಣಕುತ್ತಿದ್ದರು. ಅವನು ಮನೆಗೆ ಬಂದು ಗೋಡೆಯ ಕಡೆ ಮುಖ ಮಾಡಿ ಮಲಗಿಬಿಡುತ್ತಿದ್ದ. ಸುಬ್ಬಲಕ್ಷ್ಮಮ್ಮ ನೀರು ಇಟ್ಟು, ತಟ್ಟೆ ಇಟ್ಟು, ಸುಮ್ಮನೆ ಬಾಗಿಲಲ್ಲಿ ನಿಂತಿರುತ್ತಿದ್ದಳು. ಇಬ್ಬರು ಗಂಡಸರ ಬದುಕನ್ನೂ ತಾನೇ ಮುರಿದೆ ಎಂಬ ಮಾತು ಅವಳ ಒಳಗೆ ಕುದಿಯುತ್ತಿತ್ತು.

ಒಂದು ಭಾನುವಾರ ಮಧ್ಯಾಹ್ನ ಎಲ್ಲರೂ ಮನೆಯ ಮುಂದೆ ಕೂತಿದ್ದರು. ದೊಡ್ಡಮುನಿಯಮ್ಮ ಹುಣಸೆ ಬಿಡಿಸುತ್ತಿದ್ದಳು, ಸುಬ್ಬಲಕ್ಷ್ಮಮ್ಮ ರಾಗಿ ಕೇರುತ್ತಿದ್ದಳು. ಮುನಿಶಾಮಪ್ಪ ಬಿಸಿಲಿಗೆ ಬೆನ್ನು ಕೊಟ್ಟು ಕೂತು ಕೆಮ್ಮಿದ. ಯಾಕೋ ಏನೋ, ಆ ಕೆಮ್ಮು ಕೇಳಿ ಚಲಪತಿಗೆ ತಡೆಯಲಾಗಲಿಲ್ಲ.

"ಇನ್ನೊಂದು ವರ್ಷ ತಡ್ಕೊಳ್ಳೋಕೆ ಆಗ್ಲಿಲ್ವೇನಪ್ಪ ನಿಂಗೆ?" ಎಂದ. "ಕಾಯ್ಲೆ ಇಲ್ಲ, ಕಸಾಲೆ ಇಲ್ಲ. ಡಾಕ್ಟ್ರೇ ನೋಡಿ ದೂಳಲ್ಲ ಅಂದಿದ್ರು. ಒಂದೇ ಒಂದು ವರ್ಷ. ನಾನು ಅಲ್ಲಿ ಎಂಜಲು ತಟ್ಟೆ ತೊಳ್ದೆ, ನಿಂಗೆ ಗೊತ್ತಾ?"

ಮುನಿಶಾಮಪ್ಪ ತಲೆ ಎತ್ತಿದ. ಸೊಸೆಯ ಕಡೆ ನೋಡಲೇ ಇಲ್ಲ.

"ಆಗ್ಲಿಲ್ಲ ಕಣಪ್ಪ" ಎಂದ, ಅಷ್ಟೆ.

ಆ ಒಂದು ಮಾತು ಅವಳನ್ನು ಎಬ್ಬಿಸಿ ನಿಲ್ಲಿಸಿತು. ಮಡಿಲಿನ ಮೊರ ಜಾರಿ ರಾಗಿ ನೆಲಕ್ಕೆ ಚೆಲ್ಲಿತು.

"ಮಾವನ್ನ ಕೇಳ್ಬ್ಯಾಡಿ. ನನ್ನ ಕೇಳಿ."

"ಸುಬ್ಬಮ್ಮಾ, ಬ್ಯಾಡ" ಎಂದ ಮುನಿಶಾಮಪ್ಪ.

"ಇರ್ಲಿ ಮಾವ. ಅವ್ರಿಗಿರೋದು ದೂಳೇ. ಡಾಕ್ಟ್ರು ನನ್ನೊಬ್ಳಿಗೇ ಏಳಿದ್ರು, ನಾನು ಬಚ್ಚಿಟ್ಟೆ. ಮಾವಂಗೂ ಏಳ್ಲಿಲ್ಲ, ನಿಮಗೂ ಸುಳ್ಳು ಬರ್ದೆ. ಲ್ಯಾಂಪ್ ರೂಮ್ ಕೆಲ್ಸ ತಾನಾಗಿ ಬಂದಿತ್ತು, ಅದನ್ನೂ ತಪ್ಪಿಸ್ದೆ. ಒಂದು ವರ್ಷ ಪೂರ್ತಿ ಅವ್ರು ನನ್ನ ಸುಳ್ಳು ನಂಬ್ಕೊಂಡು ಕೆಳಗೆ ಇಳುದ್ರು."

ದೊಡ್ಡಮುನಿಯಮ್ಮನ ಕೈಯಲ್ಲಿದ್ದ ಹುಣಸೆ ಹಾಗೇ ನಿಂತಿತು. ಚಲಪತಿ ಹೆಂಡತಿಯನ್ನು ಅಪರಿಚಿತಳನ್ನು ನೋಡುವ ಹಾಗೆ ನೋಡಿದ.

"ಯಾಕೆ?" ಎಂದ.

"ನೀವು ಓದ್ಲಿ ಅಂತ. ಅಲ್ಲ, ಅದೂ ಪೂರ್ತಿ ನಿಜ ಅಲ್ಲ. ನಂಗೆ ಬೇಕಿತ್ತು. ಇಂಜಿನಿಯರ್ ಎಂಡ್ತಿ ಅನ್ನಿಸ್ಕೊಬೇಕಿತ್ತು."

ಯಾರೂ ಅವಳಿಗೆ ಹೊಡೆಯಲಿಲ್ಲ, ಬೈಯಲಿಲ್ಲ. ಚಲಪತಿ ಎದ್ದು ಹೋಗಿ ಅಪ್ಪನ ಮುಂದೆ ಕೂತು, ಅವನ ಎರಡು ಕೈಗಳನ್ನೂ ಹಿಡಿದು, ಅದರಲ್ಲಿ ಮುಖ ಇಟ್ಟುಕೊಂಡ. ದೊಡ್ಡಮುನಿಯಮ್ಮ ಒಳಗೆ ಹೋಗಿ ಕತ್ತಲೆಯಲ್ಲಿ ಕೂತಳು. ಸುಬ್ಬಲಕ್ಷ್ಮಮ್ಮ ನೆಲದ ಮೇಲೆ ಕೂತು ಚೆಲ್ಲಿದ ರಾಗಿಯನ್ನು ಗುಡ್ಡೆ ಮಾಡತೊಡಗಿದಳು. ಮಾಡುವುದಕ್ಕೆ ಅವಳಿಗೆ ಬೇರೇನೂ ತೋಚಲಿಲ್ಲ.

ಮಾರನೆಯ ದಿನ ಚಲಪತಿ ಅಪ್ಪನನ್ನು ಗಣಿಯ ಆಸ್ಪತ್ರೆಗೆ ಕರೆದುಕೊಂಡು ಹೋದ. ಕಾಯಿಲೆ ಬಹಳ ಮುಂದೆ ಹೋಗಿದೆ ಎಂದರು. ಮರದ ಅಂಗಳದ ಕೆಲಸವೂ ಬೇಡವೆಂದರು. ಚಲಪತಿ ಹೆಂಡತಿಯನ್ನು ತವರಿಗೆ ಕಳಿಸಲಿಲ್ಲ, ಮಾತನ್ನು ಮಾತ್ರ ಬಿಟ್ಟ. ಅದು ಮೆಲ್ಲಗೆ ಮರಳಿ ಬಂತು. ಉಪ್ಪು ಕೊಡು, ಛತ್ರಿ ಎಲ್ಲಿ ಎಂಬಂಥ ಮಾತುಗಳಿಂದ ಶುರುವಾಗಿ, ಮಗಳು ಹುಟ್ಟಿದ ಮೇಲೆ ಒಂದಿಷ್ಟು ನಗುವೂ ಬಂತು. ದೊಡ್ಡಮುನಿಯಮ್ಮ ಸೊಸೆ ಬಡಿಸಿದ್ದನ್ನು ಉಂಡಳು, ಮೊಮ್ಮಗಳನ್ನು ಎತ್ತಿ ಆಡಿಸಿದಳು. ಆದರೆ ಬೀದಿಯಲ್ಲಿ ಯಾರಾದರೂ ಸೊಸೆಯ ಗುಣ ಹೇಳಿದರೆ ಎದ್ದು ಹೋಗುತ್ತಿದ್ದಳು. ಕಡೆಯವರೆಗೂ ಅದು ಬದಲಾಗಲಿಲ್ಲ.

ಮುನಿಶಾಮಪ್ಪ ಮೊಮ್ಮಗಳು ಅಂಬೆಗಾಲಿಡುವವರೆಗೆ ಬದುಕಿದ. ಎತ್ತಿಕೊಳ್ಳಲು ಎದೆಯಲ್ಲಿ ಬಲವಿರಲಿಲ್ಲ. ಮಗು ಬಂದು ಅವನ ಕಾಲು ಹಿಡಿದು ನಿಲ್ಲುತ್ತಿತ್ತು. ಕೊನೆಕೊನೆಗೆ ಮಲಗಲಾರದೆ, ದಿಂಬುಗಳನ್ನು ಒಟ್ಟಿ ಒರಗಿಕೊಂಡೇ ಇರುತ್ತಿದ್ದ. ಅವನ ಬಾಯಿ ತೊಳೆಸುವುದು, ಬೆನ್ನು ನೀವುವುದು ಎಲ್ಲವೂ ಸುಬ್ಬಲಕ್ಷ್ಮಮ್ಮನದೇ. ಬೇರೆ ಯಾರು ಬಂದರೂ ಅವನು ಒಪ್ಪುತ್ತಿರಲಿಲ್ಲ.

ಒಂದು ಬೆಳಿಗ್ಗೆ ಗಂಜಿ ಕುಡಿಸಿ ಬಾಯಿ ಒರೆಸುವಾಗ ಅವಳು ಕೇಳಿಯೇಬಿಟ್ಟಳು.

"ಮಾವ, ನನ್ನ ಮೇಲೆ ಸಿಟ್ಟು ಓಯ್ತಾ ನಿಮ್ಗೆ?"

ಮುನಿಶಾಮಪ್ಪ ಉತ್ತರಕ್ಕಾಗಿ ಉಸಿರು ಕೂಡಿಸಿಕೊಂಡ. ಬಾಗಿಲಿನಾಚೆ ಬೀದಿಯಲ್ಲಿ ಪಾಳಿಯಿಂದ ಮೇಲೆ ಬಂದ ಗಂಡಸರು ಜೋರಾಗಿ ಮಾತಾಡುತ್ತ ಹೋಗುತ್ತಿದ್ದರು. ಅವರ ಸದ್ದು ಅಡಗುವವರೆಗೂ ಕೇಳಿಸಿಕೊಂಡ.

"ಸಿಟ್ಟಿಲ್ಲ ಕಣಮ್ಮ" ಎಂದ. "ಆದ್ರೆ ಒಂದೊಂದ್ಸಲ ಆ ವರ್ಷ ನಂಗೆ ವಾಪಸ್ ಬೇಕು ಅನ್ನಿಸ್ತದೆ. ಸುಳ್ಳ್ಯಾಕೆ ಏಳ್ಲಿ ನಿಂಗೆ."

ಅವಳ ಕಣ್ಣಲ್ಲಿ ನೀರು ಬರಲಿಲ್ಲ. ಬರಬಾರದೆಂದು ಹಲ್ಲು ಕಚ್ಚಿಕೊಂಡಳು. ಅಳುವುದು ಸುಲಭ. ಅತ್ತರೆ ಅವನೇ ಸಮಾಧಾನ ಹೇಳಬೇಕಾಗುತ್ತಿತ್ತು.

"ಊಂ ಮಾವ" ಎಂದಳು.

"ದಿಂಬು ಸ್ವಲ್ಪ ಎತ್ತರಿಸು" ಎಂದ. ಅವಳು ಅವನ ಹೆಗಲ ಕೆಳಗೆ ಕೈ ಕೊಟ್ಟು ಮೇಲಕ್ಕೆತ್ತಿ, ದಿಂಬು ಸರಿಮಾಡಿ, ಅವನ ಉಸಿರು ಹದಕ್ಕೆ ಬರುವವರೆಗೂ ಹಾಗೆಯೇ ಹಿಡಿದುಕೊಂಡು ಕೂತಳು.